ಗಾಡಿ ನಿಮ್ಮ ಹೆಸರಲ್ಲಿದೆಯಾ? ಹಾಗಾದರೆ ಇದನ್ನು ಓದಿ: ದಾಖಲೆ, ಕಂಡೀಷನ್, ಹೊಣೆಗಾರಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ವಿಷಯ ಬಂದಾಗಲೆಲ್ಲ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಇಲ್ಲಿ ಹೇಳುವ ಸೆಕ್ಷನ್‌ಗಳು 1988ರ ಮೋಟಾರು ವಾಹನ ಕಾಯ್ದೆಯವು, 2019ರ ತಿದ್ದುಪಡಿ ಸೇರಿಸಿಕೊಂಡು. ದಂಡದ ಮೊತ್ತ ಕಾಯ್ದೆಯಲ್ಲಿ ಇರುವಂತೆಯೇ ಕೊಟ್ಟಿದ್ದೇನೆ. ಆದರೆ ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡವನ್ನು ಸೆಕ್ಷನ್ 200ರ ಪ್ರಕಾರ ರಾಜ್ಯ ಸರ್ಕಾರವೇ ನಿಗದಿ ಮಾಡಬಹುದು. ಹಾಗಾಗಿ ನಿಮ್ಮ ಚಲನ್‌ನಲ್ಲಿ ಬೇರೆ ಅಂಕಿ ಕಂಡರೆ ಗಾಬರಿ ಬೇಡ.

## ಮೊದಲ ಪಾಠ: ಪೇಪರ್

ಗಾಡಿ ಓಡಿಸುವಾಗ ಏನೇನು ಪೇಪರ್ ಇರಲೇಬೇಕು?

ಸ್ವಂತ ಬಳಕೆಯ ಬೈಕು, ಕಾರಿಗೆ ನಾಲ್ಕು: ಆರ್‌ಸಿ (ನೋಂದಣಿ ಪತ್ರ), ಇನ್ಶೂರೆನ್ಸ್, ಎಮಿಷನ್ (ಹೊಗೆ ತಪಾಸಣೆ) ಸರ್ಟಿಫಿಕೇಟ್, ಓಡಿಸುವವರ ಡಿಎಲ್ (ಲೈಸೆನ್ಸ್). ಯೆಲ್ಲೋ ಬೋರ್ಡ್ (ಬಾಡಿಗೆ, ಸಾಗಣೆ ಗಾಡಿ) ಆದರೆ ಇದರ ಜೊತೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಟ್ಯಾಕ್ಸ್ ಕಟ್ಟಿದ ದಾಖಲೆ. ಇದರಲ್ಲಿ ಡಿಎಲ್ ಒಂದು ಮಾತ್ರ ಮನುಷ್ಯನಿಗೆ ಸೇರಿದ್ದು, ಉಳಿದದ್ದೆಲ್ಲ ಗಾಡಿಗೆ. ಗಾಡಿಗೆ ಸೇರಿದ್ದು ಅಂದರೆ ಕೊನೆಗೆ ಮಾಲೀಕನ ತಲೆಗೆ. ಅಂದಹಾಗೆ, ಡಿಎಲ್ ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತೆ ಅಂತ ಈಗಲೂ ಹೇಳುವವರಿದ್ದಾರೆ. ಆ ರಿಯಾಯಿತಿ 2019ರ ತಿದ್ದುಪಡಿಯಲ್ಲೇ ಹೋಯಿತು.

ಮೊಬೈಲಲ್ಲಿ ತೋರಿಸಿದ್ರೆ ಪೊಲೀಸರು ಒಪ್ಪಲೇಬೇಕಾ?

ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಒಪ್ಪಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರಲ್ಲಿ ತಿದ್ದುಪಡಿ ಆಗಿ ಎಲೆಕ್ಟ್ರಾನಿಕ್ ರೂಪಕ್ಕೂ ಮಾನ್ಯತೆ ಬಂದಿದೆ. ಆದರೆ ಆರ್‌ಸಿಯ ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಳ್ಳುವುದು ಬೇರೆ ಮಾತು. ಅದು ಬರೀ ಫೋಟೋ, ಅದನ್ನು ಒಪ್ಪಲೇಬೇಕು ಅಂತ ವಾದ ಮಾಡೋಕೆ ಆಗಲ್ಲ.

ದುಡ್ಡು ಕೊಟ್ಟವನು ನಾನು, ಓಡಿಸೋನೂ ನಾನೇ, ಆರ್‌ಸಿ ಮಾತ್ರ ಅಪ್ಪನ ಹೆಸರಲ್ಲಿದೆ. ಮಾಲೀಕ ಯಾರು?

ಅಪ್ಪ. ಸೆಕ್ಷನ್ 2(30) ಪ್ರಕಾರ ಯಾರ ಹೆಸರಲ್ಲಿ ಗಾಡಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ನೀವು ಕಂತು ಕಟ್ಟಿದ್ದು, ಪೆಟ್ರೋಲ್ ಹಾಕಿಸಿದ್ದು ಲೆಕ್ಕಕ್ಕೆ ಬರಲ್ಲ. ಆರ್‌ಸಿಯಲ್ಲಿರುವವರು ಮೈನರ್ ಆಗಿದ್ದರೆ ಗಾರ್ಡಿಯನ್ ಮಾಲೀಕರಾಗುತ್ತಾರೆ. ಬಾಡಿಗೆ ಖರೀದಿ, ಲೀಸ್, ಹೈಪಾಥಿಕೇಷನ್ (ಸಾಲಕ್ಕೆ ಗಾಡಿಯನ್ನೇ ಅಡಮಾನ ಇಡುವುದು) ಒಪ್ಪಂದದಲ್ಲಿ ಇರುವ ಗಾಡಿಯಾದರೆ ಆ ಒಪ್ಪಂದದಂತೆ ಗಾಡಿ ಯಾರ ಕೈಲಿದೆಯೋ ಅವರು. ಅಂದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿದೆ ಅಂತ ಹೊಣೆ ಬ್ಯಾಂಕಿನ ಮೇಲೆ ಹೋಗಲ್ಲ. ಈ ಪುಟದಲ್ಲಿ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಈ ಒಂದು ವ್ಯಾಖ್ಯಾನದಿಂದಲೇ ಹುಟ್ಟುತ್ತದೆ.

ಎಮಿಷನ್ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು? ಹೊಸ ಗಾಡಿಗೂ ಬೇಕಾ?

ಹೊಸ ಗಾಡಿಗೆ ನೋಂದಣಿಯಾದ ಮೊದಲ ವರ್ಷ ಬೇಡ. ಆಮೇಲೆ ಬಿಎಸ್-4, ಬಿಎಸ್-6 (ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ ಮಾನದಂಡ) ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಎಲೆಕ್ಟ್ರಿಕ್ ಗಾಡಿಗೆ ಇದರ ಗೊಡವೆಯೇ ಇಲ್ಲ. ನೂರು ಚಿಲ್ಲರೆ ರೂಪಾಯಿಯ ಕೆಲಸ ಅಂತ ಜನ ಇದನ್ನು ಸುಮ್ನೆ ಮುಂದೂಡುತ್ತಾರೆ, ಆದರೆ ಸೆಕ್ಷನ್ 190(2)ರಲ್ಲಿ ಇದಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹತೆಗೂ ಅವಕಾಶ ಇದೆ.

ಎಮಿಷನ್ ಇಲ್ಲದೆ ಇನ್ಶೂರೆನ್ಸ್ ರಿನ್ಯೂ ಆಗಲ್ಲ ಅಂತಾರಲ್ಲ, ನಿಜಾನಾ?

2017ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಆದೇಶ ಮಾಡಿತ್ತು. 2024ರ ಜುಲೈನಲ್ಲಿ ಅದೇ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಹೊಗೆಗೆ ಹೆದರಿ ಜನ ಇನ್ಶೂರೆನ್ಸೇ ಮಾಡಿಸದೆ ಓಡಾಡಿದರೆ ಅಪಘಾತದಲ್ಲಿ ಪೆಟ್ಟು ತಿಂದವರ ಗತಿ ಏನು ಅನ್ನುವುದೇ ಅಲ್ಲಿದ್ದ ಚಿಂತೆ.

ಇನ್ಶೂರೆನ್ಸ್ ಮುಗಿದು ನಾಲ್ಕೇ ದಿನ ಆಗಿದೆ. 90 ದಿನ ಟೈಮ್ ಇರುತ್ತೆ ಅಲ್ವಾ?

ಇಲ್ಲ. ಆ 90 ದಿನ ನಿಮ್ಮ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಉಳಿಯೋಕೆ ಇರುವ ಗಡುವು, ಗಾಡಿ ಓಡಿಸೋಕೆ ಅಲ್ಲ. ಸೆಕ್ಷನ್ 146 ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿ ಬಳಸಬೇಕಾದರೆ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವುದು) ಚಾಲ್ತಿಯಲ್ಲಿ ಇರಲೇಬೇಕು, ಅದರಲ್ಲಿ ಒಂದು ದಿನದ ರಿಯಾಯಿತಿಯೂ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೆ ಸಿಕ್ಕಿದರೆ ದಂಡ 4,000.

ಅಸಲಿ ಭಯ ದಂಡದ್ದಲ್ಲ. ಆ ನಾಲ್ಕು ದಿನದಲ್ಲಿ ಯಾರಿಗಾದರೂ ಗುದ್ದಿದರೆ, ಅವರ ಆಸ್ಪತ್ರೆ ಖರ್ಚು, ದುಡಿಮೆ ನಷ್ಟ, ಜೀವ ಹೋದರೆ ಕುಟುಂಬಕ್ಕೆ ಕೊಡಬೇಕಾದ ಪರಿಹಾರ, ಎಲ್ಲ ನಿಮ್ಮ ಜೇಬಿನಿಂದ ಹೋಗಬೇಕು. ಅದು ಲಕ್ಷಗಳ ಲೆಕ್ಕ. ಇನ್ನೊಂದು ಗೊಂದಲ: 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬರುತ್ತದೆ. ನಿಮ್ಮ ಸ್ವಂತ ಗಾಡಿಯ ಡ್ಯಾಮೇಜ್‌ಗೆ ಇರುವ ಭಾಗ ಒಂದೇ ವರ್ಷದ್ದಾಗಿರಬಹುದು. ಪಾಲಿಸಿಯಲ್ಲಿ ಎರಡು ದಿನಾಂಕ ಇರುತ್ತವೆ, ಎರಡನ್ನೂ ನೋಡಿ.

ಹಳೇ ಗಾಡಿಗೂ ಎಚ್‌ಎಸ್‌ಆರ್‌ಪಿ ಬೇಕಾ?

ಬೇಕು. 2019ರ ಏಪ್ರಿಲ್ 1ರ ನಂತರದ ಗಾಡಿಗೆ ಈ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಶೋರೂಮಿನಲ್ಲೇ ಬಂದಿರುತ್ತದೆ, ಹಿಂದಿನವಕ್ಕೆ ಮಾಲೀಕರೇ ಅಧಿಕೃತವಾಗಿ ಬುಕ್ ಮಾಡಿ ಹಾಕಿಸಬೇಕು. ರಸ್ತೆಬದಿಯಲ್ಲಿ ಅದೇ ಥರ ಕಾಣುವ ಪ್ಲೇಟ್ ಹೊಡೆಸಿಕೊಳ್ಳುವುದು ದಂಡ ಕಟ್ಟೋಕೆ ಅಡ್ವಾನ್ಸ್ ಕೊಟ್ಟ ಹಾಗೆ. ಅಸಲಿ ಪ್ಲೇಟಿನಲ್ಲಿ ಲೇಸರ್‌ನಲ್ಲಿ ಕೊರೆದ ಕೋಡ್ ಇರುತ್ತದೆ, ಅದು ನಿಮ್ಮ ಗಾಡಿಯ ದಾಖಲೆಗೆ ಜೋಡಣೆಯಾಗಿರುತ್ತದೆ.

## ಗಾಡಿಯ ಕಂಡೀಷನ್

ಬ್ರೇಕ್ ಫೇಲ್ ಆಗಿ ಗುದ್ದಿದ್ರೆ ನನ್ನ ತಪ್ಪೇನು? ಅದು ಮಷೀನು ಅಲ್ವಾ?

ಎಲ್ಲರೂ ಹೀಗೇ ಕೇಳುತ್ತಾರೆ. ಸೆಕ್ಷನ್ 190(1) ಏನು ಹೇಳುತ್ತದೆ ನೋಡಿ: ಗಾಡಿಯಲ್ಲಿರುವ ದೋಷ ನಿಮಗೆ ಗೊತ್ತಿದ್ದರೂ ತಪ್ಪು, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗುವಂತಿದ್ದರೂ ತಪ್ಪು. ಈ ಎರಡನೇ ಭಾಗವೇ ಜನರನ್ನು ಹಿಡಿಯುವುದು. "ನಂಗೆ ಗೊತ್ತೇ ಇರಲಿಲ್ಲ ಸಾರ್" ಅಂದರೆ ಮಾತು ಮುಗಿಯಲ್ಲ, ಗೊತ್ತು ಮಾಡಿಕೊಳ್ಳೋಕೆ ನೀವೇನು ಮಾಡಿದಿರಿ ಅನ್ನುವ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಬ್ರೇಕ್ ಸಾಮಾನ್ಯವಾಗಿ ಹೇಳದೆ ಕೇಳದೆ ಹೋಗಲ್ಲ. ಪೆಡಲ್ ಮುಂಚಿಗಿಂತ ಕೆಳಗೆ ಇಳಿಯುತ್ತದೆ, ಸ್ಪಂಜ್ ಒತ್ತಿದ ಹಾಗೆ ಮೆತ್ತಗಾಗುತ್ತದೆ. ನಿಲ್ಲಿಸುವಾಗ ಲೋಹಕ್ಕೆ ಲೋಹ ಉಜ್ಜುವ ಸದ್ದು ಬರುತ್ತದೆ, ಚಕ್ರದ ಒಳಬದಿಯಲ್ಲಿ ಆಯಿಲ್ ಒಸರಿದ ಕಲೆ ಕಾಣುತ್ತದೆ, ಇಲ್ಲವೇ ಬ್ರೇಕ್ ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ತಿಂಗಳುಗಟ್ಟಲೆ ಇದನ್ನೆಲ್ಲ ನೋಡಿಕೊಂಡೇ ಓಡಿಸಿದವರು "ಇದ್ದಕ್ಕಿದ್ದ ಹಾಗೆ ಫೇಲ್ ಆಯ್ತು" ಅಂದರೆ ಯಾರೂ ನಂಬಲ್ಲ. ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ: ಯಂತ್ರದ ದೋಷದಿಂದ ಅಪಘಾತ ಆಯಿತು ಅಂತ ವಾದಿಸುವ ಮಾಲೀಕ, ಆ ದೋಷ ಎಚ್ಚರಿಕೆ ವಹಿಸಿದರೂ ಕಾಣದಂಥದ್ದು ಅಂತ ತಾನೇ ಸಾಬೀತು ಮಾಡಬೇಕು.

ಸಾಬೀತು ಹೇಗೆ? ಸರ್ವಿಸ್ ಬಿಲ್. ಅದನ್ನು ಎಸೆಯಬೇಡಿ. ಯಾವ ದಿನ, ಎಷ್ಟು ಕಿಲೋಮೀಟರ್‌ಗೆ, ಯಾವ ಪಾರ್ಟ್ ಬದಲಾಯಿಸಿದ್ದು ಅಂತ ಬರೆದಿರುವ ಬಿಲ್‌ಗಿಂತ ದೊಡ್ಡ ಸಾಕ್ಷಿ ನಿಮ್ಮ ಹತ್ತಿರ ಬೇರೆ ಇರಲ್ಲ. ದೋಷ ಇರುವ ಗಾಡಿ ಓಡಿಸಿದ್ದಕ್ಕೆ ದಂಡ 1,500 ರೂಪಾಯಿ. ಅದರಿಂದ ಯಾರಿಗಾದರೂ ಗಾಯವೋ ಆಸ್ತಿ ಹಾನಿಯೋ ಆದರೆ 5,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಪರಿಹಾರದ ಕೇಸು ಬೇರೆಯೇ ನಡೆಯುತ್ತದೆ.

ಟೈರ್ ಇನ್ನೂ ಓಡುತ್ತೆ ಅನ್ಸುತ್ತೆ. ಸವೆದಿದೆ ಅನ್ನೋಕೆ ಲೆಕ್ಕ ಏನಾದ್ರೂ ಇದೆಯಾ?

ಇದೆ, ಮಿಲಿಮೀಟರ್‌ನಲ್ಲಿ. ನಿಯಮ 94ರ ಪ್ರಕಾರ ಟೈರಿನ ಸಂದಿಯ ಆಳ ಬೈಕು, ಆಟೋಗಳಿಗೆ 0.8 ಮಿ.ಮೀ., ಬೇರೆ ಗಾಡಿಗಳಿಗೆ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಅಳೆಯೋಕೆ ಸ್ಕೇಲ್ ಬೇಡ. ಕಾರಿನ ಟೈರಿನ ಪಕ್ಕದಲ್ಲಿ ಚಿಕ್ಕ ತ್ರಿಕೋನ ಗುರುತೋ ಟಿಡಬ್ಲ್ಯುಐ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ಟೈರಿನ ಸಂದಿಯೊಳಗೆ ನೋಡಿದರೆ ರಬ್ಬರಿನ ಪುಟ್ಟ ದಿಣ್ಣೆ ಕಾಣುತ್ತದೆ. ಸುತ್ತಲಿನ ರಬ್ಬರು ಸವೆದು ಆ ದಿಣ್ಣೆಗೆ ಸಮ ಆಯಿತೋ, ಟೈರ್ ಕಥೆ ಮುಗಿಯಿತು. ಬೆರಳಾಡಿಸಿದರೂ ಗೊತ್ತಾಗುತ್ತದೆ. ಸೆಕ್ಷನ್ 190ರ "ಸಾಮಾನ್ಯ ಎಚ್ಚರಿಕೆ"ಗೆ ಇದಕ್ಕಿಂತ ಸುಲಭ ಉದಾಹರಣೆ ಇಲ್ಲ, ಬಗ್ಗಿ ನೋಡಿದರೆ ಸಾಕು.

ಮೆಕ್ಯಾನಿಕ್ ಎಲ್ಲ ಸರಿ ಮಾಡಿದ್ದೀನಿ ಅಂದಿದ್ದ. ಆಮೇಲೆ ಏನಾದ್ರೂ ಆದ್ರೆ ಅವನ ಹೊಣೆ ತಾನೇ?

ಪೆಟ್ಟು ತಿಂದವರು ಪರಿಹಾರ ಕೇಳುವುದು ನಿಮ್ಮನ್ನು ಮತ್ತು ನಿಮ್ಮ ವಿಮಾ ಕಂಪನಿಯನ್ನು. ಅವರಿಗೆ ನಿಮ್ಮ ಮೆಕ್ಯಾನಿಕ್ ಯಾರೋ ಏನೋ. ಕೆಲಸ ಕೆಟ್ಟದಾಗಿ ಮಾಡಿದ್ದರೆ ಗ್ಯಾರೇಜಿನ ಮೇಲೆ ಗ್ರಾಹಕ ಆಯೋಗಕ್ಕೆ ನೀವು ಹೋಗಬಹುದು, ಆದರೆ ಅದು ನಿಮ್ಮಿಬ್ಬರ ನಡುವಿನ ಬೇರೆ ಲೆಕ್ಕ. ಅಲ್ಲೂ ಮೊದಲು ಕೇಳುವುದು ಬಿಲ್.

ನಾನು ಡ್ರೈವರ್. ಗಾಡಿ ಸರಿಯಿಲ್ಲ ಅಂದ್ರೂ ಓನರ್ ಓಡಿಸು ಅಂತಾರೆ. ಸಿಕ್ಕಿಬಿದ್ರೆ ಯಾರಿಗೆ ಕೇಸು?

ಇಬ್ಬರಿಗೂ ಆಗಬಹುದು. ಓಡಿಸುವವನು, ಓಡಿಸುವಂತೆ ಮಾಡುವವನು, ಓಡಿಸಲು ಬಿಡುವವನು ಮೂವರನ್ನೂ ಕಾನೂನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಓನರ್ ಹೇಳಿದರು ಅನ್ನುವುದು ನಿಮ್ಮನ್ನು ಪೂರ್ತಿ ಬಿಡಿಸಲ್ಲ. ನಾನು ಹೇಳುವುದಿಷ್ಟು: ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ. "ಅಣ್ಣಾ, ಹಿಂದಿನ ಎಡಗಡೆ ಬ್ರೇಕ್ ಹಿಡೀತಿಲ್ಲ, ಇವತ್ತು ತೋರಿಸಬೇಕು." ದಿನಾಂಕ ಸಮೇತ ಅದು ಉಳಿಯುತ್ತದೆ. ಬ್ರೇಕು, ಸ್ಟೀರಿಂಗಿನ ತೊಂದರೆಯಾದರೆ ಮಾತ್ರ ಮೆಸೇಜ್ ಹಾಕಿಯೂ ಗಾಡಿ ತೆಗೆಯಬೇಡಿ.

ಎಫ್‌ಸಿ ಯಾವ ಗಾಡಿಗೆ ಬೇಕು? ಎಫ್‌ಸಿ ಆಗಿದ್ರೆ ಗಾಡಿ ಸರಿ ಇದೆ ಅಂತ ತಾನೇ?

ಯೆಲ್ಲೋ ಬೋರ್ಡ್ ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ವೈಟ್ ಬೋರ್ಡ್ (ಸ್ವಂತ ಬಳಕೆಯ) ಗಾಡಿಯ ಆರ್‌ಸಿ 15 ವರ್ಷ ನಡೆಯುತ್ತದೆ. ಅದಾದ ಮೇಲೆ ಗಾಡಿ ತೋರಿಸಿ, ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಆದರೆ ಎಫ್‌ಸಿ ಅನ್ನುವುದು ಆ ದಿನ ಗಾಡಿ ಸರಿ ಇತ್ತು ಅನ್ನುವುದಕ್ಕೆ ದಾಖಲೆ, ಅಷ್ಟೇ. ಎಫ್‌ಸಿಗೆ ಅಂತ ಒಳ್ಳೆ ಟೈರ್ ಹಾಕಿಸಿ, ಆಮೇಲೆ ಬಿಚ್ಚಿ ಹಳೇ ಬೋಳು ಟೈರ್ ಹಾಕುವ ಚಾಳಿ ಕೆಲವರಿಗಿದೆ. ಅಪಘಾತ ಆದಮೇಲೆ ತನಿಖೆಗೆ ಬರುವ ಇನ್‌ಸ್ಪೆಕ್ಟರ್ ನೋಡುವುದು ಚಕ್ರದಲ್ಲಿರುವ ಟೈರನ್ನು, ಫೈಲಿನಲ್ಲಿರುವ ಎಫ್‌ಸಿಯನ್ನಲ್ಲ.

ಸೈಲೆನ್ಸರ್ ಬದಲಾಯಿಸಿದ್ದೀನಿ, ಗ್ಲಾಸಿಗೆ ಸಣ್ಣ ಫಿಲ್ಮ್ ಹಾಕ್ಸಿದ್ದೀನಿ. ಅದೂ ತಪ್ಪಾ?

ಸೈಲೆನ್ಸರ್ ತಪ್ಪು, ಫಿಲ್ಮ್ ಮಿತಿ ಮೀರಿದ್ದರೆ ಅದೂ ತಪ್ಪು. ಕಂಪನಿ ಕೊಟ್ಟ ಸ್ಪೆಸಿಫಿಕೇಷನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ ಸೆಕ್ಷನ್ 52 ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. ಸೆಕ್ಷನ್ 182ಎ(4)ರಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ. "ಪ್ರತಿ" ಅನ್ನುವುದನ್ನು ಗಮನಿಸಿ. ಗ್ಲಾಸಿನ ವಿಷಯದಲ್ಲಿ, ಮುಂದೆ ಹಿಂದೆ ಕನಿಷ್ಠ 70%, ಪಕ್ಕದಲ್ಲಿ 50% ಬೆಳಕು ಹಾಯಬೇಕು. ಆ ಮಿತಿಯೊಳಗೇ ಇದ್ದರೂ ಮೇಲಿಂದ ಫಿಲ್ಮ್ ಅಂಟಿಸುವ ಹಾಗಿಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಆಮೇಲೆ ನಿಯಮ ಬದಲಾಗಿ, ಮಿತಿಯೊಳಗಿನ ಫಿಲ್ಮ್‌ಗೆ ಅವಕಾಶ ಇದೆ ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಅನುಮೋದಿತ ಸಿಎನ್‌ಜಿ ಕಿಟ್‌ನಂಥದ್ದಕ್ಕೆ ಅವಕಾಶ ಇದೆ, ಆದರೆ ಆರ್‌ಸಿಯಲ್ಲಿ ಬರೆಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು.

## ಮಾರಾಟ, ಸಾವು, ಊರು ಬದಲಾವಣೆ

ಗಾಡಿ ಮಾರಿ ಎಷ್ಟೋ ಕಾಲ ಆಯ್ತು. ಈಗಲೂ ನನ್ನ ನಂಬರಿಗೆ ಚಲನ್ ಬರ್ತಿದೆ. ಏನ್ಮಾಡ್ಲಿ?

ಆರ್‌ಸಿ ಇನ್ನೂ ನಿಮ್ಮ ಹೆಸರಲ್ಲಿದೆ, ಅದಕ್ಕೇ ಬರುತ್ತಿದೆ. ಚಲನ್ ಬಂದರೆ ನಿಮ್ಮ ಪುಣ್ಯ, ಕನಿಷ್ಠ ವಿಷಯ ಗೊತ್ತಾಯಿತು. ಕ್ಲೇಮ್ಸ್ ಟ್ರಿಬ್ಯೂನಲ್‌ನ (ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ) ನೋಟಿಸ್ ಬಂದಾಗ ಗೊತ್ತಾಗುವವರೂ ಇದ್ದಾರೆ. ಗಾಡಿ ಒಬ್ಬರಿಂದ ಒಬ್ಬರಿಗೆ ಕೈ ದಾಟಿ ಎಲ್ಲೋ ಅಪಘಾತವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಪೆಟ್ಟು ತಿಂದವರು ಅಸಲಿ ಮಾಲೀಕ ಯಾರು ಅಂತ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಸೆಕ್ಷನ್ 50ರ ಪ್ರಕಾರ ಮಾರಿದವರು ಅದೇ ರಾಜ್ಯದಲ್ಲಾದರೆ 14 ದಿನದೊಳಗೆ, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಡೆಯುವುದು ಏನು? ಫಾರ್ಮ್ 29, 30ಕ್ಕೆ (ಮಾರಾಟ ತಿಳಿಸುವ, ಹೆಸರು ಬದಲಾಯಿಸುವ ಅರ್ಜಿಗಳು) ಖಾಲಿ ಸೈನ್ ಹಾಕಿ, ಕೀ ಜೊತೆ ಬ್ರೋಕರ್ ಕೈಗಿಟ್ಟು, "ನಾಳೆನೇ ಟ್ರಾನ್ಸ್‌ಫರ್ ಮಾಡಿಸ್ತೀನಿ" ಅನ್ನುವ ಮಾತು ನಂಬಿ ಮನೆಗೆ ಬರುವುದು. ಆ ಫಾರ್ಮ್ ಮುಂದಿನ ಗಿರಾಕಿ ಸಿಗುವವರೆಗೂ ಡ್ರಾಯರಿನಲ್ಲೇ ಇರುತ್ತದೆ, ಅಷ್ಟು ದಿನ ಗಾಡಿ ನಿಮ್ಮ ಹೆಸರಲ್ಲಿ ಊರು ಸುತ್ತುತ್ತದೆ.

ಈಗ ಮಾಡಬೇಕಾದ್ದು: ಮಾರಾಟದ ಕರಾರು, ದುಡ್ಡು ಬಂದ ಬ್ಯಾಂಕ್ ದಾಖಲೆ, ಕೊಂಡವರ ಗುರುತಿನ ಚೀಟಿ ಪ್ರತಿ ಜೋಡಿಸಿ ಆರ್‌ಟಿಒಗೆ ಬರಹದಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ಕೊಂಡವರಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಇದರಿಂದ ಹೊಣೆ ತಾನಾಗಿ ಇಳಿಯಲ್ಲ, ಹೆಸರು ಬದಲಾದಾಗಲೇ ಇಳಿಯುವುದು. ಆದರೆ ನಾಳೆ ನೀವು ದುಡ್ಡು ಕಟ್ಟಬೇಕಾಗಿ ಬಂದರೆ ಅವರಿಂದ ವಸೂಲಿ ಮಾಡೋಕೆ ಈ ಕಾಗದಗಳೇ ಆಧಾರ.

ಸೆಕೆಂಡ್ ಹ್ಯಾಂಡ್ ತಗೊಂಡೆ, ಹಳೇ ಓನರ್ ಇನ್ಶೂರೆನ್ಸ್ ಇನ್ನೂ ಇದೆ. ಅದೇ ಸಾಕಲ್ವಾ?

ಅರ್ಧ ಸಾಕು. ಸೆಕ್ಷನ್ 157 ಪ್ರಕಾರ ಥರ್ಡ್ ಪಾರ್ಟಿ ಭಾಗ ಗಾಡಿ ಜೊತೆ ನಿಮಗೆ ಬಂತು ಅಂತಲೇ ಲೆಕ್ಕ. ನಿಮ್ಮ ಗಾಡಿಗೇ ಆಗುವ ಡ್ಯಾಮೇಜ್ ಭಾಗ ಹಾಗೆ ಬರಲ್ಲ. 14 ದಿನದೊಳಗೆ ಪಾಲಿಸಿಯಲ್ಲಿ ಹೆಸರು ಬದಲಾಯಿಸಿ ಅಂತ ಅರ್ಜಿ ಕೊಡಿ. ಕೊಳ್ಳುವ ಮುಂಚೆ ಆರ್‌ಸಿಯ ಚಾಸಿ ನಂಬರು, ಎಂಜಿನ್ ನಂಬರನ್ನು ಗಾಡಿಯ ಮೇಲೆ ಕೊರೆದಿರುವ ನಂಬರಿನ ಜೊತೆ ಕಣ್ಣಾರೆ ಹೋಲಿಸಿ. ಬಾಕಿ ಚಲನ್, ತೀರದ ಸಾಲ ಎರಡನ್ನೂ ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿ.

ಲೋನ್ ತೀರಿಸಿದ್ದೀನಿ, ಬ್ಯಾಂಕ್ ಎನ್‌ಒಸಿ ಬೀರುವಿನಲ್ಲಿದೆ. ಮುಗೀತಲ್ವಾ?

ಮುಗಿದಿಲ್ಲ. ಆ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಜೊತೆ ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಹೈಪಾಥಿಕೇಷನ್ ತೆಗೆಸಬೇಕು. ಇಲ್ಲದಿದ್ದರೆ ಮಾರುವಾಗ ಅಡ್ಡ ಬರುತ್ತದೆ.

ಅಪ್ಪ ತೀರಿಹೋದ್ರು, ಸ್ಕೂಟರ್ ಅವರ ಹೆಸರಲ್ಲಿದೆ. ಓಡಿಸಬಹುದಾ?

ಮೂರು ತಿಂಗಳು ಓಡಿಸಬಹುದು, ಒಂದು ಷರತ್ತಿನ ಮೇಲೆ: ಅವರು ತೀರಿಕೊಂಡ 30 ದಿನದೊಳಗೆ ವಾರಸುದಾರರು ಆರ್‌ಟಿಒಗೆ ತಿಳಿಸಿರಬೇಕು. ಆ ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಇಂಥ ಹೊತ್ತಲ್ಲಿ ಸ್ಕೂಟರ್ ಯಾರಿಗೆ ನೆನಪಿರುತ್ತೆ, ನಿಜ. ಮರಣ ಪ್ರಮಾಣಪತ್ರ ಮಾಡಿಸಿದ ದಿನವೇ ಒಂದು ಪ್ರತಿ ಇದಕ್ಕೆ ಅಂತ ತೆಗೆದಿಡಿ.

ಬೇರೆ ರಾಜ್ಯದ ನಂಬರ್ ಇಟ್ಕೊಂಡು ಬೆಂಗಳೂರಲ್ಲಿ ಎಷ್ಟು ದಿನ ಓಡಿಸಬಹುದು?

12 ತಿಂಗಳು. ಅದಕ್ಕಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಸೆಕ್ಷನ್ 47 ಪ್ರಕಾರ ಕೆಎ ನಂಬರ್ ಪಡೆಯಬೇಕು, ಇಲ್ಲಿನ ಟ್ಯಾಕ್ಸ್ ಕಟ್ಟಬೇಕು, ಅದಕ್ಕೆ ಮೊದಲ ಆರ್‌ಟಿಒನಿಂದ ಎನ್‌ಒಸಿ ತರಬೇಕು. ಒಂದೇ ರಾಜ್ಯದೊಳಗೆ ಮನೆ ಬದಲಾದರೂ 30 ದಿನದೊಳಗೆ ವಿಳಾಸ ಬದಲಾವಣೆ ತಿಳಿಸಬೇಕು. ನೋಟಿಸ್ ಹಳೇ ಮನೆಗೆ ಹೋಯಿತು ಅನ್ನುವುದು ಒಳ್ಳೆ ಸಬೂಬಲ್ಲ.

## ಸ್ವಲ್ಪ ಜಟಿಲವಾದವು

ಫ್ರೆಂಡ್ ಕೇಳ್ದ, ಬೈಕ್ ಕೊಟ್ಟೆ. ಅವನಿಗೆ ಡಿಎಲ್ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ನನಗೇನಾಗುತ್ತೆ?

ಅವನಿಗೆ 5,000, ಕೊಟ್ಟ ನಿಮಗೂ ಸೆಕ್ಷನ್ 180ರಲ್ಲಿ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಅಪಘಾತ ಆಗಿದ್ದರೆ ವಿಮಾ ಕಂಪನಿ ಗಾಯಾಳುವಿಗೆ ಮೊದಲು ದುಡ್ಡು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡು ಅಂತ ಕೋರ್ಟ್ ಹೇಳಬಹುದು. 2004ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದರ ದಾರಿ ವಿವರವಾಗಿ ಇದೆ. ಮಾಲೀಕ ತನ್ನ ಕಡೆಯಿಂದ ತಕ್ಕ ಎಚ್ಚರಿಕೆ ವಹಿಸಿದ್ದನೋ ಇಲ್ಲವೋ ಅನ್ನುವುದೇ ಅಲ್ಲೂ ಪ್ರಶ್ನೆ. ಕೀ ಕೊಡುವಾಗ "ಡಿಎಲ್ ತೋರ್ಸಪ್ಪ" ಅನ್ನೋಕೆ ಸಂಕೋಚ ಪಡುವವರು ಆಮೇಲೆ ಕೋರ್ಟಿನಲ್ಲಿ ಪಡಬೇಕಾದ ಸಂಕೋಚ ಯೋಚಿಸಲಿ.

ಮಗನಿಗೆ ಇನ್ನೂ 17. ಮನೆ ಹತ್ರ ಸ್ಕೂಟರ್ ಓಡಿಸ್ತಾನೆ ಅಷ್ಟೇ. ಅದಕ್ಕೂ ಕೇಸಾ?

ಇಡೀ ಕಾಯ್ದೆಯಲ್ಲಿ ಮಾಲೀಕರಿಗೆ ಇರುವ ಅತಿ ಕಠಿಣ ಶಿಕ್ಷೆಗಳಲ್ಲಿ ಇದೂ ಒಂದು. ಸೆಕ್ಷನ್ 199ಎ ಪ್ರಕಾರ ಅಪ್ರಾಪ್ತರು ತಪ್ಪು ಮಾಡಿದರೆ ಗಾರ್ಡಿಯನ್ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ಆಗುವವರೆಗೆ ಡಿಎಲ್ ಇಲ್ಲ. ನಿಮಗೆ ಗೊತ್ತಿದ್ದೇ ಕೊಟ್ಟಿರಿ ಅಂತ ಕೋರ್ಟ್ ಮೊದಲೇ ಅಂದುಕೊಳ್ಳುತ್ತದೆ, ಇಲ್ಲ ಅಂತ ತೋರಿಸಬೇಕಾದವರು ನೀವು. 16 ತುಂಬಿದವರಿಗೆ 50 ಸಿಸಿವರೆಗಿನ ಗಾಡಿಗೆ ಲೈಸೆನ್ಸ್ ಸಿಗುತ್ತದೆ, ಆದರೆ ನಿಮ್ಮ ಮನೆಯ 110 ಸಿಸಿ ಸ್ಕೂಟರ್ ಅದರಲ್ಲಿ ಬರಲ್ಲ.

ವೈಟ್ ಬೋರ್ಡ್ ಕಾರನ್ನ ಅಪರೂಪಕ್ಕೆ ಬಾಡಿಗೆಗೆ ಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?

ಅಪಘಾತವಾದ ದಿನ ಎಲ್ಲರಿಗೂ ಗೊತ್ತಾಗುತ್ತೆ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಸೆಕ್ಷನ್ 192ಎ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೊತೆಗೆ ಆರು ತಿಂಗಳವರೆಗೆ ಜೈಲು. ಸ್ವಂತ ಬಳಕೆಯ ಪಾಲಿಸಿಯಲ್ಲಿ ಬಾಡಿಗೆ ಓಡಾಟ ಸೇರಿರಲ್ಲ, ಹಾಗಾಗಿ ನಿಮ್ಮ ಕ್ಲೇಮ್ ತಿರಸ್ಕರಿಸೋಕೆ ಕಂಪನಿಗೆ ನೀವೇ ಕಾರಣ ಕೊಟ್ಟಂತೆ.

ಹಳೇ ಕಾರು ಮನೆ ಮುಂದೆ ತುಕ್ಕು ಹಿಡೀತಾ ನಿಂತಿದೆ, ಓಡಿಸೋದೇ ಇಲ್ಲ. ಅದಕ್ಕೂ ಇನ್ಶೂರೆನ್ಸ್, ಎಲ್ಲ ಬೇಕಾ?

ಅದು ನಿಮ್ಮ ಕಾಂಪೌಂಡ್ ಒಳಗಿದೆಯೋ ರಸ್ತೆಯಲ್ಲಿದೆಯೋ ನೋಡಿ. ಕಡ್ಡಾಯ ವಿಮೆ ಇರುವುದು ಸಾರ್ವಜನಿಕ ಜಾಗದ ಬಳಕೆಗೆ, ಮತ್ತು ರಸ್ತೆಯಲ್ಲಿ ನಿಂತ ಗಾಡಿಯನ್ನೂ ಕೋರ್ಟುಗಳು "ಬಳಕೆ" ಅಂತ ಪರಿಗಣಿಸಿದ ಉದಾಹರಣೆಗಳಿವೆ. ರಾತ್ರಿ ಯಾರಾದರೂ ಬಂದು ಅದಕ್ಕೆ ಗುದ್ದಿಕೊಂಡರೆ ಮಾತು ನಿಮ್ಮ ಹತ್ತಿರವೂ ಬರುತ್ತದೆ. ಇನ್ನು ಓಡಿಸಲ್ಲ ಅಂತ ಖಚಿತವಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಆಫ್ ಡೆಪಾಸಿಟ್ ತಗೊಳ್ಳಿ, ಆರ್‌ಸಿ ರದ್ದು ಮಾಡಿಸಿ. ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಕೆಟ್ಟರೆ 14 ದಿನದೊಳಗೆ ತಿಳಿಸಬೇಕು ಅಂತ ಸೆಕ್ಷನ್ 55ರಲ್ಲಿದೆ. ಬೀದಿಯಲ್ಲಿ ಕೂಗಿಕೊಂಡು ಬರುವ ಗುಜರಿಯವರಿಗೆ ಹಾಗೇ ಎತ್ತಿಕೊಡಬೇಡಿ. ಕಾರು ಹೋಗುತ್ತದೆ, ನಂಬರ್ ನಿಮ್ಮ ಹೆಸರಲ್ಲೇ ಉಳಿಯುತ್ತದೆ, ಆ ನಂಬರ್ ಪ್ಲೇಟ್ ಯಾವ ಗಾಡಿಗೆ ಏರುತ್ತೋ ಹೇಳೋಕಾಗಲ್ಲ.